ಕೇಳುವ ಬಾಡಿಗೆ, ಕುದುರುವ ಬಾಡಿಗೆ: ಬೆಂಗಳೂರಿನ ಸಣ್ಣ ಮನೆಮಾಲೀಕರ ಬೆಲೆ ನಿರ್ಣಯ ಮತ್ತು ಜಾಹೀರಾತು

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಹೆಚ್ಚಿನವು ಕಂಪನಿಗಳ ಒಡೆತನದಲ್ಲಿಲ್ಲ. ನೆಲಮಹಡಿಯಲ್ಲಿ ತಾವಿದ್ದು ಮೇಲಿನ ಮಹಡಿಗಳನ್ನು ಬಾಡಿಗೆಗೆ ಕೊಟ್ಟಿರುವ ನಿವೃತ್ತ ನೌಕರರು, ಸಾಲ ಮಾಡಿ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಕೊಂಡು ಆಮೇಲೆ ಕೆಲಸದ ನಿಮಿತ್ತ ಬೇರೆ ಊರಿಗೋ ಪರದೇಶಕ್ಕೋ ಹೋದವರು, ನಗರ ಬೆಳೆದು ಹೊಲ ಕೈಬಿಟ್ಟ ಮೇಲೆ ಉಳಿದ ನಿವೇಶನದಲ್ಲಿ ಸಾಲಾಗಿ ಸಣ್ಣ ಮನೆಗಳನ್ನು ಕಟ್ಟಿಸಿದ ಹಳೆಯ ಒಕ್ಕಲು ಕುಟುಂಬಗಳು ಈ ಪೇಟೆಯ ಬೆನ್ನೆಲುಬು. ಇವರ ಬಳಿ ಬೆಲೆ ಲೆಕ್ಕ ಹಾಕುವ ಗುಮಾಸ್ತರಿಲ್ಲ, ಪ್ರಚಾರ ವಿಭಾಗವಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಮನೆ ಖಾಲಿಯಾದಾಗ ಎಷ್ಟು ಬಾಡಿಗೆ ಹೇಳಬೇಕು, ಯಾರಿಗೆ ಯಾವ ದಾರಿಯಲ್ಲಿ ತಿಳಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಅವರು ತಮ್ಮ ಅನುಭವದಿಂದಲೋ ನೆರೆಯವರ ಮಾತಿನಿಂದಲೋ ಬಗೆಹರಿಸಿಕೊಳ್ಳುತ್ತಾರೆ. ಇವನ್ನು ಬೇರೆ ಬೇರೆ ಪ್ರಶ್ನೆಗಳೆಂದು, ಮೊದಲು ಬೆಲೆ, ಆಮೇಲೆ ಬೋರ್ಡು ಎಂದು ನೋಡುವುದು ವಾಡಿಕೆ. ವಾಸ್ತವದಲ್ಲಿ ಇವೆರಡೂ ಒಂದೇ ನಿರ್ಣಯದ ಎರಡು ಮುಖಗಳು: ಜಾಹೀರಾತು ಬೆಲೆಯನ್ನು ಸಾರುವುದರ ಜೊತೆಗೆ ಆ ಬೆಲೆ ನಡೆಯುತ್ತದೆಯೇ ಎಂದು ಪರೀಕ್ಷಿಸುತ್ತದೆ, ಮತ್ತು ಬೆಂಗಳೂರಿನಲ್ಲಿ ‘ಬಾಡಿಗೆ’ ಎಂದು ಸಾರುವ ಅಂಕಿ ನಿಜವಾದ ಬೆಲೆಯ ಒಂದು ಭಾಗ ಮಾತ್ರ.

ಬಾಡಿಗೆ ಗೊತ್ತುಮಾಡುವಾಗ ಮಾಲೀಕರಿಗೆ ಮೊದಲು ಹೊಳೆಯುವುದು ತಮ್ಮ ಖರ್ಚು. ತಿಂಗಳ ಕಂತು ಇಷ್ಟು, ಆದ್ದರಿಂದ ಬಾಡಿಗೆ ಕನಿಷ್ಠ ಅದರ ಹತ್ತಿರಕ್ಕಾದರೂ ಬರಬೇಕು ಎಂಬ ಈ ತರ್ಕ ಕೇಳಲು ನ್ಯಾಯವಾಗಿದ್ದರೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಮನೆಯ ಮಾರುಕಟ್ಟೆ ಬೆಲೆಗೆ ಹೋಲಿಸಿದರೆ ವರ್ಷದ ಬಾಡಿಗೆ ಶೇಕಡ ಎಷ್ಟು ಎಂಬುದನ್ನು ಬಾಡಿಗೆ ಇಳುವರಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ವಾಸದ ಮನೆಗಳಿಗೆ ಅದು ಸಾಮಾನ್ಯವಾಗಿ ಶೇ. 3ರಿಂದ 4ರ ಆಸುಪಾಸಿನಲ್ಲಿರುತ್ತದೆ. ಒಂದು ಕೋಟಿ ರೂಪಾಯಿಯ ಫ್ಲ್ಯಾಟಿಗೆ ಶೇ. 3ರಂತೆ ವರ್ಷಕ್ಕೆ 3 ಲಕ್ಷ, ಅಂದರೆ ತಿಂಗಳಿಗೆ 25,000 ರೂಪಾಯಿ ಬರುತ್ತದೆ. ಅದೇ ಫ್ಲ್ಯಾಟಿಗೆ 75 ಲಕ್ಷ ರೂಪಾಯಿಯನ್ನು ಶೇ. 8.5ರ ಬಡ್ಡಿಗೆ 20 ವರ್ಷದ ಅವಧಿಗೆ ಸಾಲ ಪಡೆದಿದ್ದರೆ ತಿಂಗಳ ಕಂತು ಸುಮಾರು 65,000 ರೂಪಾಯಿ ಆಗುತ್ತದೆ. ಮನೆ ಹುಡುಕುವವರಿಗೆ ಮಾಲೀಕರ ಸಾಲದೊಂದಿಗೆ ಯಾವ ಸಂಬಂಧವೂ ಇಲ್ಲ. ಪಕ್ಕದ ಬ್ಲಾಕಿನಲ್ಲಿ ಸಾಲವೇ ಇಲ್ಲದ ಮಾಲೀಕರು ಅಂಥದೇ ಮನೆಯನ್ನು ಎಷ್ಟಕ್ಕೆ ಕೊಡುತ್ತಾರೆ ಎಂಬುದು ಮಾತ್ರ ಅವರಿಗೆ ಬೇಕು. ಖರ್ಚಿನ ಲೆಕ್ಕದಿಂದ ತಿಳಿಯುವುದು ಮನೆಯನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬುದು; ಬಾಡಿಗೆ ಎಷ್ಟೆಂಬುದು ಅದರಿಂದ ತಿಳಿಯುವುದಿಲ್ಲ.

ಬಾಡಿಗೆಯ ಮೊತ್ತವನ್ನು ಕಾನೂನು ಕಟ್ಟಿಹಾಕಿದ್ದ ಕಾಲವೂ ಒಂದಿತ್ತು. ಕರ್ನಾಟಕ ಬಾಡಿಗೆ ನಿಯಂತ್ರಣ ಅಧಿನಿಯಮ, 1961 ಬಾಡಿಗೆ ಏರಿಕೆಗೂ ಬಾಡಿಗೆದಾರರನ್ನು ಎಬ್ಬಿಸುವುದಕ್ಕೂ ಬಿಗಿಯಾದ ಮಿತಿ ಹಾಕಿತ್ತು. ಅದರ ಜಾಗಕ್ಕೆ ಬಂದ ಕರ್ನಾಟಕ ಬಾಡಿಗೆ ಅಧಿನಿಯಮ, 1999, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಹೊಸ ಕಾನೂನು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದಿನ ಬೆಂಗಳೂರಿನಲ್ಲಿ ಆ ಮಿತಿಯೊಳಗೆ ಬರುವ ಮನೆ ಸಿಗುವುದೇ ಕಷ್ಟ. ಹೀಗಾಗಿ ಹೆಚ್ಚಿನ ಬಾಡಿಗೆಗಳು 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಮತ್ತು ಎರಡು ಕಡೆಯವರ ನಡುವಿನ ಕರಾರು ಇವುಗಳ ಆಸರೆಯಲ್ಲೇ ನಡೆಯುತ್ತವೆ. ಮೊತ್ತವನ್ನು ಗೊತ್ತುಮಾಡುವುದು ಪೇಟೆಗೆ ಬಿಟ್ಟ ವಿಷಯವಾಗಿದೆ.

ಆದರೆ ಪೇಟೆಯ ಬೆಲೆ ಯಾವುದು ಎಂದು ತಿಳಿಯುವುದು ಸುಲಭವಲ್ಲ. ತರಕಾರಿ ಮಂಡಿಯಲ್ಲಿ ದಿನದ ದರ ಕೂಗಿ ಹೇಳುತ್ತಾರೆ. ಬಾಡಿಗೆಯಲ್ಲಿ ಎಲ್ಲರ ಕಣ್ಣಿಗೆ ಕಾಣುವುದು ಕೇಳುವ ಬೆಲೆ, ಕುದುರಿದ ಬೆಲೆ ಇಬ್ಬರ ನಡುವೆಯೇ ಉಳಿಯುತ್ತದೆ. 2005ರಲ್ಲಿ ಆರಂಭವಾದ 99ಏಕರ್ಸ್, 2006ರ ಮ್ಯಾಜಿಕ್‌ಬ್ರಿಕ್ಸ್, 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ನೋಬ್ರೋಕರ್ ಮುಂತಾದ ಜಾಲತಾಣಗಳನ್ನು ತೆರೆದು ತಮ್ಮ ಬಡಾವಣೆಯ ಬಾಡಿಗೆಗಳನ್ನು ನೋಡಿ ಅದರ ಸರಾಸರಿಯನ್ನು ತಮ್ಮ ಮನೆಗೂ ಹೇಳುವ ಮಾಲೀಕರು ಒಂದು ಸೂಕ್ಷ್ಮವನ್ನು ಗಮನಿಸುವುದಿಲ್ಲ. ಸರಿಯಾದ ಬೆಲೆ ಹೇಳಿದ ಮನೆ ಬೇಗ ಹೋಗಿ ಪಟ್ಟಿಯಿಂದ ಮರೆಯಾಗುತ್ತದೆ, ಹೆಚ್ಚು ಹೇಳಿದ್ದು ವಾರಗಟ್ಟಲೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಯಾವ ದಿನ ನೋಡಿದರೂ ಪಟ್ಟಿಯಲ್ಲಿ ಹೋಗದೆ ಉಳಿದ ಮನೆಗಳ ಬೆಲೆಯೇ ಹೆಚ್ಚಾಗಿ ಕಾಣುತ್ತದೆ. ಕುದುರಿದ ಬೆಲೆ ಗೊತ್ತಿರುವುದು ಅದೇ ಅಪಾರ್ಟ್‌ಮೆಂಟಿಗೆ ಕಳೆದ ಆರು ತಿಂಗಳಲ್ಲಿ ಬಂದ ಬಾಡಿಗೆದಾರರಿಗೆ, ನಿವಾಸಿಗಳ ಸಂಘದ ಕಚೇರಿಗೆ, ಗೇಟಿನಲ್ಲಿ ಕೂತ ವಾಚ್‌ಮನ್‌ಗೆ, ಆ ಬೀದಿಯ ಬ್ರೋಕರಿಗೆ. ಈ ನಾಲ್ವರಲ್ಲಿ ಇಬ್ಬರನ್ನು ವಿಚಾರಿಸಿದರೆ ಜಾಲತಾಣದ ನೂರು ಅಂಕಿಗಳಿಗಿಂತ ಹೆಚ್ಚು ತಿಳಿಯುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1961ರಲ್ಲಿ ಮಾಹಿತಿಯ ಅರ್ಥಶಾಸ್ತ್ರವನ್ನು ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿ, ಒಂದೇ ಬಗೆಯ ಸರಕಿಗೆ ಪೇಟೆಯಲ್ಲಿ ಹಲವು ಬೆಲೆಗಳು ಒಟ್ಟಿಗೆ ಚಾಲ್ತಿಯಲ್ಲಿರುವುದಕ್ಕೆ ಹುಡುಕಾಟದ ಖರ್ಚು ಕಾರಣವೆಂದೂ, ಜಾಹೀರಾತು ಆ ಖರ್ಚನ್ನು ಇಳಿಸುವ ಸಾಧನವೆಂದೂ ತೋರಿಸಿದರು. ಬಾಡಿಗೆ ಮನೆಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಎರಡು ಮನೆಗಳು ಎಂದೂ ಪೂರ್ತಿ ಒಂದೇ ಬಗೆಯವಲ್ಲ.

ಈ ವ್ಯತ್ಯಾಸವನ್ನು ಬೆಲೆಗೆ ಇಳಿಸುವ ಶಾಸ್ತ್ರೀಯ ವಿಧಾನಕ್ಕೆ ಹೆಡಾನಿಕ್ ಬೆಲೆ ನಿರ್ಣಯ ಎಂದು ಹೆಸರು. ಶೆರ್ವಿನ್ ರೋಸೆನ್ 1974ರಲ್ಲಿ ಅದಕ್ಕೆ ಸೈದ್ಧಾಂತಿಕ ರೂಪ ಕೊಟ್ಟರು. ಮನೆಯನ್ನು ಒಂದೇ ವಸ್ತುವೆಂದು ನೋಡದೆ ಅದರ ಗುಣಗಳ ಕಟ್ಟೆಂದು ತಿಳಿದು, ಒಂದೊಂದು ಗುಣಕ್ಕೂ ಜನ ಎಷ್ಟು ಕೊಡಲು ಸಿದ್ಧರಿದ್ದಾರೆ ಎಂದು ಬಿಡಿಸಿ ನೋಡುವುದು ಅದರ ಸಾರ. ಯಾವ ಗುಣಕ್ಕೆ ಎಷ್ಟು ಬೆಲೆ ಎಂಬುದು ಊರಿಂದ ಊರಿಗೆ ಬೇರೆಯಾಗುತ್ತದೆ. ಬೆಂಗಳೂರಿನಲ್ಲಿ ಅಂಥ ಗುಣಗಳಲ್ಲಿ ಮೊದಲು ನಿಲ್ಲುವುದು ನೀರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗಳಿಗೆ ಸಾಲು ನಿಂತ ಮೇಲೆ ‘ಕಾವೇರಿ ನೀರು ಇದೆಯೇ’ ಎಂಬುದು ಮನೆ ನೋಡಲು ಬಂದವರ ಮೊದಲ ಪ್ರಶ್ನೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಯೋಜನೆ ನಗರಕ್ಕೆ ಸೇರಿದ 110 ಹಳ್ಳಿಗಳನ್ನು ಗುರಿಯಾಗಿಟ್ಟುಕೊಂಡಿದ್ದರಿಂದ, ಆ ಭಾಗದಲ್ಲಿ ಸಂಪರ್ಕ ಪಡೆದ ಮನೆಗೂ ಪಡೆಯದ ಮನೆಗೂ ಬೆಲೆಯ ಅಂತರ ಸಹಜವಾಗಿ ಹುಟ್ಟುತ್ತದೆ. ಎರಡನೆಯದು ಪ್ರತ್ಯೇಕ ವಿದ್ಯುತ್ ಮೀಟರ್. ತಿಂಗಳಿಗೆ 200 ಯುನಿಟ್‌ವರೆಗಿನ ಗೃಹಬಳಕೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ 2023ರಲ್ಲಿ ಆರಂಭವಾಗಿ, ಬಾಡಿಗೆದಾರರಿಗೂ ಅನ್ವಯವಾದ ಮೇಲೆ, ಮೂರು ಮನೆಗೆ ಒಂದೇ ಮೀಟರ್ ಇಟ್ಟು ಸಬ್‌ಮೀಟರ್ ಲೆಕ್ಕದಲ್ಲಿ ಹಣ ವಸೂಲು ಮಾಡುವ ಹಳೆಯ ಪದ್ಧತಿಯ ಮನೆಗಳು ಹಿಂದೆ ಬಿದ್ದವು. ಮೂವರ ಬಳಕೆಯೂ ಒಂದೇ ಮೀಟರಿಗೆ ಬಿದ್ದು ಮಿತಿ ದಾಟಿದರೆ ಯಾರಿಗೂ ಉಚಿತದ ಲಾಭವಿಲ್ಲ. ಮೀಟರ್ ಬೇರೆ ಮಾಡಿಸುವ ಖರ್ಚನ್ನು ಬಾಡಿಗೆಯ ಬೆಲೆಗೆ ಸೇರಿದ ವೆಚ್ಚವೆಂದೇ ಮಾಲೀಕರು ಎಣಿಸಬೇಕು.

ಕಾರು ನಿಲ್ಲಿಸುವ ಜಾಗ, ಮೆಟ್ರೊ ನಿಲ್ದಾಣದ ದೂರ, ಪೂರ್ವದ ಬಾಗಿಲು ಇವುಗಳದೂ ಬೆಲೆ ಇದೆ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿನವರೆಗೆ ಅಖಂಡವಾಗಿ ಓಡತೊಡಗಿದಾಗ, 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆದಾಗ, ಮಾರ್ಗದ ಅಕ್ಕಪಕ್ಕದ ಮಾಲೀಕರು ಏನನ್ನೂ ಕಟ್ಟದೆಯೇ ಅವರ ಮನೆಗೆ ಹೊಸ ಗುಣವೊಂದು ಸೇರಿತು. ಇವೆಲ್ಲಕ್ಕಿಂತ ವಿಚಿತ್ರವಾದ, ಈ ಊರಿಗೇ ವಿಶಿಷ್ಟ ಎನ್ನಬಹುದಾದ ಗುಣ ‘ಓನರ್ ಫ್ರೀ’ ಎಂಬುದು: ಮಾಲೀಕರು ಅದೇ ಕಟ್ಟಡದಲ್ಲಿ ವಾಸವಿಲ್ಲ ಎಂಬ ಸಂಗತಿಯನ್ನೇ ಬ್ರೋಕರುಗಳು ಮನೆಯ ಆಕರ್ಷಣೆಯೆಂದು ಸಾರುತ್ತಾರೆ. ರಾತ್ರಿ ಹತ್ತರ ಮೇಲೆ ಗೇಟು ಹಾಕುವ, ಬಂದ ನೆಂಟರನ್ನು ಎಣಿಸುವ, ಮೋಟಾರು ಎಷ್ಟು ಹೊತ್ತು ಓಡಿತೆಂದು ಕೇಳುವ ಮಾಲೀಕರ ಸಾಮೀಪ್ಯಕ್ಕೆ ಪೇಟೆ ಕಟ್ಟಿದ ಋಣಾತ್ಮಕ ಬೆಲೆ ಅದು.

ಬೆಲೆ ನಿರ್ಣಯದಲ್ಲಿ ಮಾಲೀಕರು ಅತಿ ಕಡಿಮೆ ಅಂದಾಜು ಮಾಡುವ ವೆಚ್ಚವೆಂದರೆ ಖಾಲಿ ತಿಂಗಳು. ಮನೆ ಒಂದು ತಿಂಗಳು ಖಾಲಿ ಬಿದ್ದರೆ ವರ್ಷದ ಆದಾಯದ ಹನ್ನೆರಡನೇ ಒಂದು ಪಾಲು, ಅಂದರೆ ಶೇ. 8.33 ಹೋದಂತೆ. 25,000 ರೂಪಾಯಿಗೆ ಇಂದೇ ಒಪ್ಪುವವರಿರುವಾಗ 28,000 ಬೇಕೆಂದು ಎರಡು ತಿಂಗಳು ಕಾದ ಮಾಲೀಕರನ್ನು ಗಮನಿಸಬಹುದು. ಮೊದಲ ವರ್ಷ ಅವರಿಗೆ ಹತ್ತು ತಿಂಗಳ ಬಾಡಿಗೆಯಾಗಿ 2,80,000 ಸಿಗುತ್ತದೆ. ಕಾಯದೆ ಕೊಟ್ಟಿದ್ದರೆ 3,00,000 ಸಿಗುತ್ತಿತ್ತು. ಕಾದದ್ದರ ನಷ್ಟ ತುಂಬಿಬರುವುದು ಮನೆ ಖಾಲಿಯಾದ ದಿನದಿಂದ ಎಣಿಸಿದರೆ ಹತ್ತೊಂಬತ್ತನೇ ತಿಂಗಳಲ್ಲಿ, ಅದೂ ಬಾಡಿಗೆದಾರರು ಅಲ್ಲಿಯವರೆಗೆ ಉಳಿದರೆ. ಅಪಾರ್ಟ್‌ಮೆಂಟಾದರೆ ಆ ಎರಡು ತಿಂಗಳು ನಿರ್ವಹಣಾ ಶುಲ್ಕವನ್ನೂ ಮಾಲೀಕರೇ ಕಟ್ಟಬೇಕು. ಹಾಗೆಂದು ಯಾವಾಗಲೂ ಮೊದಲು ಬಂದ ಬೆಲೆಗೆ ಒಪ್ಪಬೇಕೆಂದಲ್ಲ. 2020–21ರ ಕೋವಿಡ್ ಕಾಲದಲ್ಲಿ ಐಟಿ ನೌಕರರು ಊರುಗಳಿಗೆ ಮರಳಿ ಸಾಲುಸಾಲು ಮನೆಗಳು ಖಾಲಿ ಬಿದ್ದಾಗ ಬಂದ ಬೆಲೆಗೆ ಕೊಟ್ಟವರು ಜಾಣರು. 2022ರ ನಂತರ ಕಚೇರಿಗಳು ಮತ್ತೆ ತೆರೆದು ಬಾಡಿಗೆ ಜಿಗಿದಾಗ ಹಳೆಯ ಬೆಲೆಗೆ ಆತುರದಿಂದ ಕೊಟ್ಟವರು ನಷ್ಟಪಟ್ಟರು. ಕಾಯುವುದು ಲಾಭವೋ ನಷ್ಟವೋ ಎಂಬುದು ಏರುತ್ತಿರುವ ಪೇಟೆಯೋ ನಿಂತ ಪೇಟೆಯೋ ಎಂಬುದರ ಮೇಲೆ ನಿಂತಿದೆ.

ಕಾಲದ ಲೆಕ್ಕದಲ್ಲಿ ಪಂಚಾಂಗವೂ ಸೇರುತ್ತದೆ. ಮಕ್ಕಳ ಶಾಲೆಗಾಗಿ ಮನೆ ಬದಲಿಸುವ ಕುಟುಂಬಗಳು ಏಪ್ರಿಲ್, ಮೇ ತಿಂಗಳಲ್ಲಿ ಹುಡುಕುತ್ತವೆ. ಆಷಾಢ ಬಂತೆಂದರೆ ಹಾಲುಕ್ಕಿಸಿ ಹೊಸ ಮನೆಗೆ ಹೋಗಲು ಹಿಂಜರಿಯುವವರು ಬಹಳ, ಧನುರ್ಮಾಸದಲ್ಲೂ ಹಾಗೆಯೇ. ಜೂನ್ ಕೊನೆಗೆ ಖಾಲಿಯಾಗುವ ಮನೆಯನ್ನು ಕುಟುಂಬಕ್ಕೇ ಕೊಡಬೇಕೆಂದು ಪಟ್ಟು ಹಿಡಿದವರು ಶ್ರಾವಣದವರೆಗೆ ಕಾಯುವ ಸಂಭವ ಹೆಚ್ಚು. ಅದೇ ಹೊತ್ತಿಗೆ ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ತರುಣರು ಮನೆ ಹುಡುಕಿಕೊಂಡು ಬರುತ್ತಾರೆ, ಅವರಿಗೆ ಆಷಾಢದ ಚಿಂತೆಯಿಲ್ಲ.

ಇಲ್ಲಿಯವರೆಗೆ ಬಾಡಿಗೆಯನ್ನು ಒಂದೇ ಅಂಕಿಯೆಂದು ಎಣಿಸಿದ್ದಾಯಿತು. ಬೆಂಗಳೂರಿನ ವಿಶೇಷ ಕಾಣುವುದು ಅದನ್ನು ಬಿಡಿಸಿದಾಗ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಪಡೆದು ಮನೆ ಬಿಡುವಾಗ ಬಡ್ಡಿಯಿಲ್ಲದೆ ಹಿಂದಿರುಗಿಸುವ ರೂಢಿ ಇಲ್ಲಿ ಬಹುಕಾಲದಿಂದ ಇದೆ. ಈಚೆಗೆ ಆರು, ಐದು, ಕೆಲವೆಡೆ ಎರಡು ಮೂರು ತಿಂಗಳಿಗೆ ಅದು ಇಳಿಯುತ್ತಿದೆ. ಅಡ್ವಾನ್ಸ್ ಎಂಬುದು ಹೆಸರಿಗೆ ಭದ್ರತೆಯಾದರೂ ಬಡ್ಡಿಯ ಲೆಕ್ಕದಲ್ಲಿ ಅದು ಬಾಡಿಗೆಯೇ. 25,000 ರೂಪಾಯಿ ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 2,50,000, ಶೇ. 7ರ ಬಡ್ಡಿಯಲ್ಲಿ ವರ್ಷಕ್ಕೆ 17,500, ತಿಂಗಳಿಗೆ ಸುಮಾರು 1,460 ರೂಪಾಯಿ. ಅಡ್ವಾನ್ಸನ್ನು ಎರಡು ತಿಂಗಳಿಗೆ ಇಳಿಸಿದರೆ ಮಾಲೀಕರು ಕಳೆದುಕೊಳ್ಳುವುದು ತಿಂಗಳಿಗೆ ಸುಮಾರು 1,170 ರೂಪಾಯಿ; ಅಂದರೆ 25,000 ಬಾಡಿಗೆ ಮತ್ತು ಹತ್ತು ತಿಂಗಳ ಅಡ್ವಾನ್ಸ್ ಎಂಬುದೂ 26,200 ಬಾಡಿಗೆ ಮತ್ತು ಎರಡು ತಿಂಗಳ ಅಡ್ವಾನ್ಸ್ ಎಂಬುದೂ ಮಾಲೀಕರಿಗೆ ಹೆಚ್ಚುಕಡಿಮೆ ಒಂದೇ. ಬಾಡಿಗೆದಾರರಿಗೆ ಮಾತ್ರ ಒಂದೇ ಅಲ್ಲ. ಕೆಲಸಕ್ಕೆ ಸೇರಿ ಎರಡು ತಿಂಗಳಾದವರ ಬಳಿ ಎರಡೂವರೆ ಲಕ್ಷ ರೂಪಾಯಿ ಒಟ್ಟಿಗೆ ಇರುವುದಿಲ್ಲ, ತಿಂಗಳಿಗೆ ಸಾವಿರ ಹೆಚ್ಚು ಕೊಡಬಲ್ಲರು. ಈ ಅಸಮಾನತೆಯನ್ನು ಬಳಸಿಕೊಂಡು ಅಡ್ವಾನ್ಸ್ ಇಳಿಸಿ ಬಾಡಿಗೆ ಸ್ವಲ್ಪ ಏರಿಸುವ ಮಾಲೀಕರಿಗೆ ಹೆಚ್ಚು ಜನ ಸಿಗುತ್ತಾರೆ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸಿನ ಮಿತಿ ಹೇಳುತ್ತದೆ, ತಮಿಳುನಾಡಿನ 2017ರ ಕಾನೂನು ಮೂರು ತಿಂಗಳು ಎನ್ನುತ್ತದೆ. ಮಾದರಿ ಕಾಯ್ದೆ ಆಯಾ ರಾಜ್ಯ ಅಂಗೀಕರಿಸುವವರೆಗೆ ಬರಿಯ ಮಾದರಿ. ಕಾನೂನಿಗೆ ಕಾಯದೆಯೂ ಈ ದಾರಿ ಹಿಡಿಯಲು ಲೆಕ್ಕವೇ ಸಾಕಷ್ಟು ಕಾರಣ ಕೊಡುತ್ತದೆ.

ಅಡ್ವಾನ್ಸಿನ ತರ್ಕವನ್ನು ಕೊನೆಯವರೆಗೆ ಎಳೆದರೆ ಸಿಗುವುದು ಭೋಗ್ಯ, ಪೇಟೆಯ ಮಾತಿನಲ್ಲಿ ‘ಲೀಸ್’. ದೊಡ್ಡ ಮೊತ್ತವೊಂದನ್ನು ಪಡೆದು ಎರಡು ಮೂರು ವರ್ಷ ತಿಂಗಳ ಬಾಡಿಗೆ ಇಲ್ಲದೆ ಮನೆ ಬಿಟ್ಟುಕೊಡುವುದು, ಅವಧಿ ಮುಗಿದಾಗ ಅಸಲನ್ನು ಹಿಂದಿರುಗಿಸುವುದು ಅದರ ಕ್ರಮ. 15 ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿಟ್ಟು ಶೇ. 7ರ ಬಡ್ಡಿ ತೆಗೆಯುವ ಮಾಲೀಕರಿಗೆ ತಿಂಗಳಿಗೆ 8,750 ರೂಪಾಯಿ ಮಾತ್ರ ದಕ್ಕುತ್ತದೆ, ಬಾಡಿಗೆಗೆ ಕೊಟ್ಟಿದ್ದರೆ ಅದಕ್ಕಿಂತ ಹೆಚ್ಚು ಬರುತ್ತಿತ್ತು. ಆದರೆ ಅದೇ ಹಣದಿಂದ ಶೇ. 12ರ ಕೈಸಾಲ ತೀರಿಸುವವರಿಗೆ ತಿಂಗಳಿಗೆ 15,000 ರೂಪಾಯಿ ಉಳಿಯುತ್ತದೆ. ಭೋಗ್ಯಕ್ಕೆ ಹಾಕುವುದು ಸಾಲದಲ್ಲಿರುವ ಮಾಲೀಕರ ಆಯ್ಕೆಯಾಗಿರುವುದು ಆಕಸ್ಮಿಕವಲ್ಲ, ಅಸಲು ಹಿಂದಿರುಗಿಸುವ ಹೊತ್ತಿಗೆ ಜಗಳವಾಗುವುದೂ ಅದೇ ಕಾರಣಕ್ಕೆ. ಪಡೆದ ಹಣವನ್ನು ಕಟ್ಟಡಕ್ಕೆ ಹಾಕಿ, ಮುಂದಿನ ಭೋಗ್ಯದಾರರ ಹಣದಿಂದ ಹಿಂದಿನವರಿಗೆ ಕೊಡುವ ಸರಪಳಿ ಎಲ್ಲೋ ಒಂದು ಕಡೆ ತುಂಡಾಗುತ್ತದೆ.

ನಿರ್ವಹಣೆ, ನೀರು, ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯ ಕಡಿತ, ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಸಾಮಾನು ತರುವಾಗ ಸಂಘಕ್ಕೆ ಕಟ್ಟುವ ಶುಲ್ಕ ಇವೂ ಬೆಲೆಯ ತುಣುಕುಗಳೇ. ಮಾಲೀಕರ ಕಡೆಯ ತುಣುಕುಗಳು ಬೇರೆ: ಬೆಂಗಳೂರಿನ ಆಸ್ತಿ ತೆರಿಗೆಯ ದರ ಸ್ವಂತ ವಾಸಕ್ಕಿಂತ ಬಾಡಿಗೆಗೆ ಕೊಟ್ಟ ಮನೆಗೆ ಎರಡು ಪಟ್ಟು, ಆದಾಯ ತೆರಿಗೆಯಲ್ಲಿ, ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದ ಮೇಲೆ ಉಳಿದ ಬಾಡಿಗೆಯಲ್ಲಿ ಶೇ. 30ರಷ್ಟನ್ನು ರಸೀದಿ ಕೇಳದೆ ವಿನಾಯಿತಿ ಕೊಡುತ್ತಾರೆ. ಬಾಡಿಗೆದಾರರು ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವವರಾಗಿ, ವರ್ಷದ ಬಾಡಿಗೆ ಒಂದು ಲಕ್ಷ ಮೀರಿದ್ದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕಾಗುತ್ತದೆ. ಅದನ್ನು ಕೊಡಲು ಒಪ್ಪದ ಮಾಲೀಕರು ತಮಗರಿವಿಲ್ಲದೆಯೇ ಸಂಬಳದಾರರ ಪಾಲಿಗೆ ಬಾಡಿಗೆಯನ್ನು ಏರಿಸಿದಂತಾಯಿತು. ತಿಂಗಳ ಬಾಡಿಗೆ 50,000 ಮೀರಿದರೆ ಬಾಡಿಗೆದಾರರೇ ಮೂಲದಲ್ಲಿ ತೆರಿಗೆ ಕಡಿಯಬೇಕು. ಆ ದರ 2024ರ ಅಕ್ಟೋಬರಿನಲ್ಲಿ ಶೇ. 5ರಿಂದ 2ಕ್ಕೆ ಇಳಿಯಿತು. ಅಮೆರಿಕದಲ್ಲೋ ಕೊಲ್ಲಿ ದೇಶಗಳಲ್ಲೋ ನೆಲೆಸಿ ಬೆಂಗಳೂರಿನ ಫ್ಲ್ಯಾಟನ್ನು ಬಾಡಿಗೆಗೆ ಬಿಟ್ಟಿರುವ ಕನ್ನಡಿಗರ ವಿಷಯದಲ್ಲಿ ನಿಯಮ ಇನ್ನೂ ಬಿಗಿ: ಮಾಲೀಕರು ಅನಿವಾಸಿಯಾಗಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಿರಲಿ, ಬಾಡಿಗೆದಾರರು ಶೇ. 30ಕ್ಕೂ ಮೇಲ್ಪಟ್ಟು ಕಡಿದು ಸರ್ಕಾರಕ್ಕೆ ಕಟ್ಟಬೇಕು. ಈ ತೊಡಕಿಗೆ ಹೆದರಿ ಬಾಡಿಗೆದಾರರು ಹಿಂದೆ ಸರಿಯುವುದುಂಟು. ಅದನ್ನು ಮೊದಲೇ ತಿಳಿಸಿ, ಲೆಕ್ಕಪರಿಶೋಧಕರ ಮೂಲಕ ಕೆಲಸ ಹಗುರ ಮಾಡಿಕೊಡುವುದು ಒಳ್ಳೆಯದು.

ಇನ್ನು ಸಾರುವ ದಾರಿಗಳು. ಗೇಟಿಗೆ ತೂಗುಹಾಕುವ ‘ಟು-ಲೆಟ್’ ಬೋರ್ಡು ಇವುಗಳಲ್ಲಿ ಅತಿ ಹಳೆಯದು, ಅತಿ ಅಗ್ಗದ್ದು, ಮತ್ತು ವಿಜಯನಗರ, ಬಸವನಗುಡಿ, ರಾಜಾಜಿನಗರದಂಥ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಅತಿ ಫಲಕಾರಿ, ಏಕೆಂದರೆ ಅದನ್ನು ಓದುವವರು ಆ ಬೀದಿಯನ್ನು ಆಗಲೇ ಆರಿಸಿಕೊಂಡವರು. ಅದೇ ಕಾಗದವನ್ನು ವಿದ್ಯುತ್ ಕಂಬಕ್ಕೆ, ಸಾರ್ವಜನಿಕ ಗೋಡೆಗೆ ಅಂಟಿಸುವುದು ಮಾತ್ರ ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾನೂನಿನ ಪ್ರಕಾರ ತಪ್ಪು. ಬ್ರೋಕರು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯನ್ನು ಬಾಡಿಗೆದಾರರಿಂದ ಪಡೆಯುತ್ತಾರೆ, ಕೆಲವರು ಮಾಲೀಕರಿಂದಲೂ ಹದಿನೈದು ದಿನದ್ದನ್ನು ಕೇಳುತ್ತಾರೆ. ಮಾಲೀಕರಿಗೆ ಬಿಟ್ಟಿ ಎಂದು ಕಂಡರೂ ಬಾಡಿಗೆದಾರರ ಕೈಯಿಂದ ಹೋದ ಆ ಮೊತ್ತ ಬಾಡಿಗೆಗೆ ಕೊಡಬಹುದಾಗಿದ್ದ ಹಣವೇ. ಜೊತೆಗೆ, ಬಾಡಿಗೆದಾರರು ಬೇಗಬೇಗ ಬದಲಾದಷ್ಟೂ ಬ್ರೋಕರಿಗೆ ಸಂಪಾದನೆ ಎಂಬ ಹಿತಾಸಕ್ತಿಯ ಘರ್ಷಣೆಯೂ ಇದೆ. ಜಾಲತಾಣಗಳ ವ್ಯಾಪ್ತಿ ದೊಡ್ಡದು, ಕರೆಗಳ ಗದ್ದಲವೂ ದೊಡ್ಡದು. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು, ಕಚೇರಿಯ ಒಳಗಿನ ಪ್ರಕಟಣೆ, ಹಿಂದಿನ ಬಾಡಿಗೆದಾರರ ಸ್ನೇಹಿತರು ಇವುಗಳಿಂದ ಬರುವವರ ಸಂಖ್ಯೆ ಚಿಕ್ಕದು, ಆದರೆ ಪರಿಚಯದ ಜಾಮೀನು ಇರುವುದರಿಂದ ಕುದುರುವ ಪ್ರಮಾಣ ಹೆಚ್ಚು.

ಜಾಹೀರಾತಿನ ಒಕ್ಕಣೆಯಲ್ಲಿ ಹೆಚ್ಚಿನ ಮಾಲೀಕರು ಗುಣವಾಚಕಗಳನ್ನು ಸುರಿದು ಅಂಕಿಗಳನ್ನು ಬಚ್ಚಿಡುತ್ತಾರೆ. ‘ವಿಶಾಲವಾದ, ಗಾಳಿ ಬೆಳಕಿನ, ಎಲ್ಲ ಸೌಕರ್ಯಗಳಿರುವ ಮನೆ’ ಎಂಬ ಸಾಲು ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಮಾದರಿಗಾಗಿ ಕಲ್ಪಿಸಿದ ಈ ಒಕ್ಕಣೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು:

‘ವಿಜಯನಗರ ಮೆಟ್ರೊ ನಿಲ್ದಾಣದಿಂದ ನಡೆದು 8 ನಿಮಿಷ. 2 ಬಿಎಚ್‌ಕೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಕಾರ್ಪೆಟ್ ಏರಿಯಾ 780 ಚದರಡಿ, ಪೂರ್ವದ ಬಾಗಿಲು. ಕಾವೇರಿ ನೀರು ದಿನ ಬಿಟ್ಟು ದಿನ, ಬೋರ್‌ವೆಲ್ ಮತ್ತು ಸಂಪು ಇದೆ. ಪ್ರತ್ಯೇಕ ವಿದ್ಯುತ್ ಮೀಟರ್. ಎರಡು ಬೈಕ್‌ಗೆ ಜಾಗ, ಕಾರಿಗೆ ಇಲ್ಲ. ಬಾಡಿಗೆ 22,000, ನೀರು ಮತ್ತು ನಿರ್ವಹಣೆ 1,000, ಅಡ್ವಾನ್ಸ್ 1 ಲಕ್ಷ. ಬಿಡುವಾಗ ಪೇಂಟಿಂಗ್ ಕಡಿತ ಹೆಚ್ಚೆಂದರೆ 15,000. ಆಗಸ್ಟ್ 1ರಿಂದ ಖಾಲಿ. ಮಾಲೀಕರು ನೆಲಮಹಡಿಯಲ್ಲಿದ್ದಾರೆ. ಮನೆ ನೋಡಲು ಶನಿವಾರ, ಭಾನುವಾರ ಬೆಳಿಗ್ಗೆ 10ರಿಂದ 1.’

ಇದರಲ್ಲಿ ‘ಇಲ್ಲ’ ಎಂಬ ಮಾತು ಎರಡು ಕಡೆ ಬಂದಿದೆ. ಲಿಫ್ಟ್ ಬೇಕಾದ ವೃದ್ಧ ದಂಪತಿ, ಕಾರಿರುವ ಕುಟುಂಬ ಇವರು ಬಂದು ನೋಡಿ ಹಿಂದಿರುಗುವ ಬದಲು ಮೊದಲೇ ಬಿಟ್ಟುಬಿಡುತ್ತಾರೆ. ಬಂದವರಲ್ಲಿ ಒಪ್ಪುವವರ ಪ್ರಮಾಣ ಹೆಚ್ಚುತ್ತದೆ. ಕಾರ್ಪೆಟ್ ಏರಿಯಾ ಎಂದರೆ ಫ್ಲ್ಯಾಟಿನ ಒಳಗೆ ವಾಸ್ತವವಾಗಿ ಬಳಕೆಗೆ ಸಿಗುವ ನೆಲ. ಮೆಟ್ಟಿಲು, ಲಿಫ್ಟ್, ಪಡಸಾಲೆಗಳ ಪಾಲನ್ನೂ ಸೇರಿಸಿ ಹೇಳುವುದು ಸೂಪರ್ ಬಿಲ್ಟ್‌ಅಪ್ ಏರಿಯಾ. 2016ರ ರೇರಾ ಕಾನೂನು ಮಾರಾಟದ ಮನೆಗಳಿಗೆ ಕಾರ್ಪೆಟ್ ಏರಿಯಾವನ್ನು ಅಳತೆಗೋಲಾಗಿ ಮಾಡಿದ್ದರೂ ಬಾಡಿಗೆಯ ಜಾಹೀರಾತುಗಳಲ್ಲಿ ದೊಡ್ಡ ಅಂಕಿಯನ್ನೇ ಹಾಕುವ ಚಾಳಿ ಮುಂದುವರಿದಿದೆ; ಹಳಬರಲ್ಲಿ ನೂರು ಚದರಡಿಗೆ ಒಂದು ಚದರವೆಂದು ಎಣಿಸಿ ‘ಎಂಟು ಚದರದ ಮನೆ’ ಎನ್ನುವ ಲೆಕ್ಕವೂ ಉಂಟು. ಯಾವ ಅಳತೆಯೆಂದು ಹೇಳಿದರೆ ಸಾಕು. ಚಿತ್ರಗಳ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ: ಮನೆ ಖಾಲಿ ಮಾಡಿ ಗುಡಿಸಿದ ಮೇಲೆ, ಹಗಲು ಬೆಳಕಿನಲ್ಲಿ, ಅಡುಗೆಮನೆ ಮತ್ತು ಬಚ್ಚಲುಮನೆಯನ್ನು ಬಿಡದೆ ತೆಗೆಯಬೇಕು; ನೋಡುವವರು ಮೊದಲು ಹುಡುಕುವುದು ಅವೆರಡನ್ನೇ.

ಬೆಂಗಳೂರಿನ ಜಾಹೀರಾತಿನ ಇನ್ನೊಂದು ಸಿದ್ಧ ಸಾಲು ಯಾರಿಗೆ ಕೊಡುವುದಿಲ್ಲ ಎಂಬುದು: ‘ಫ್ಯಾಮಿಲಿಗೆ ಮಾತ್ರ’, ‘ಸಸ್ಯಾಹಾರಿಗಳಿಗೆ ಮಾತ್ರ’. ಬರಹದಲ್ಲಿ ಇಷ್ಟು ಇದ್ದರೆ ಫೋನಿನಲ್ಲಿ ಜಾತಿಯ, ಧರ್ಮದ ವಿಚಾರಣೆ ನಡೆಯುತ್ತದೆ. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಹೆಸರಿನಿಂದ ದಲಿತರೆಂದೋ ಮುಸ್ಲಿಮರೆಂದೋ ತಿಳಿದ ಕೂಡಲೇ ಮನೆ ಇಲ್ಲವೆನ್ನುವ, ಇಲ್ಲವೇ ಬಾಡಿಗೆ ಏರಿಸುವ ನಡವಳಿಕೆಯನ್ನು ದಾಖಲಿಸಿದೆ; ಬೆಂಗಳೂರು ಇದಕ್ಕೆ ಹೊರತೆಂದು ಇಲ್ಲಿ ಮನೆ ಹುಡುಕಿದ ಯಾರೂ ಹೇಳಲಾರರು. ನ್ಯಾಯದ ಮಾತು ಒಂದು ಕಡೆಯಿರಲಿ, ಅದೇ ಮುಖ್ಯವಾದದ್ದು. ಲೆಕ್ಕದ ಮಾತಿನಲ್ಲೂ ಇದು ಸೋಲುವ ಪದ್ಧತಿ. ಬಾಡಿಗೆ ಕಟ್ಟುವ ಸಾಮರ್ಥ್ಯಕ್ಕೂ ಊಟದ ತಟ್ಟೆಗೂ ಸಂಬಂಧವಿಲ್ಲದಿರುವಾಗ ಹುಡುಕುವವರ ಗುಂಪನ್ನು ಕುಗ್ಗಿಸಿಕೊಂಡ ಮಾಲೀಕರು ಖಾಲಿ ತಿಂಗಳಿನ ರೂಪದಲ್ಲಿ ದಂಡ ಕಟ್ಟುತ್ತಾರೆ. ಕೇಳಲೇಬೇಕಾದದ್ದು ಉದ್ಯೋಗ, ಎಷ್ಟು ಜನ ವಾಸ, ಎಷ್ಟು ಕಾಲ ಇರುವ ಉದ್ದೇಶ, ಹಿಂದಿನ ಮನೆಯ ಮಾಲೀಕರ ಸಂಪರ್ಕ ಇಷ್ಟೇ.

ಜಾಹೀರಾತು ಹಾಕಿದ ಕೂಡಲೇ ಮೋಸದ ಕರೆಗಳೂ ಬರುತ್ತವೆ. ಸೈನ್ಯದ ಅಧಿಕಾರಿ, ಬೆಂಗಳೂರಿಗೆ ವರ್ಗವಾಗಿದೆ, ಮನೆ ನೋಡುವ ಅಗತ್ಯವಿಲ್ಲ, ಅಡ್ವಾನ್ಸ್ ಈಗಲೇ ಕಳಿಸುತ್ತೇನೆ ಎಂದು ಹೇಳಿ ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಲು ಒತ್ತಾಯಿಸುವುದು ಬಹಳ ಬಳಕೆಯಲ್ಲಿರುವ ವಂಚನೆ. ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಪಿನ್ ಒತ್ತಿದರೆ ಹೋಗುವುದು ಒತ್ತಿದವರ ಹಣ.

ಮೊದಲ ಹತ್ತು ಹದಿನೈದು ದಿನಗಳ ಪ್ರತಿಕ್ರಿಯೆ ಮಾಲೀಕರಿಗೆ ಸಿಗುವ ಅತ್ಯಂತ ನಂಬಲರ್ಹ ಮಾಹಿತಿ. ಕರೆಗಳೇ ಬಾರದಿದ್ದರೆ ಸಾರಿದ ಬೆಲೆ ಹೆಚ್ಚು, ಇಲ್ಲವೇ ಸಾರಿದ ಜಾಗ ತಪ್ಪು. ಕರೆಗಳು ಬಂದು ಯಾರೂ ಮನೆ ನೋಡಲು ಬಾರದಿದ್ದರೆ, ಒಕ್ಕಣೆಯಲ್ಲಿ ಬಚ್ಚಿಟ್ಟ ಸಂಗತಿಯೊಂದು, ಹೆಚ್ಚಾಗಿ ಅಡ್ವಾನ್ಸ್, ಫೋನಿನಲ್ಲಿ ಹೊರಬಿದ್ದು ಅವರನ್ನು ಹಿಮ್ಮೆಟ್ಟಿಸುತ್ತಿದೆ. ಬಂದು ನೋಡಿ ಸುಮ್ಮನೆ ಹೋಗುತ್ತಿದ್ದರೆ ದೋಷ ಮನೆಯಲ್ಲಿದೆ: ಒರತೆ ಹಿಡಿದ ಗೋಡೆ, ಒಡೆದ ನಲ್ಲಿ, ಬಚ್ಚಲಿನ ವಾಸನೆ, ಬಾಡಿಗೆ ಇಳಿಸುವುದಕ್ಕಿಂತ ಇವನ್ನು ದುರಸ್ತಿ ಮಾಡಿಸುವುದು ಅಗ್ಗ. ಹಾಕಿದ ದಿನವೇ ಹತ್ತು ಜನ ಬಂದು ಮೂವರು ಅಲ್ಲೇ ಹಣ ಕೊಡಲು ಮುಂದಾದರೆ ಬೆಲೆ ಕಡಿಮೆಯಾಯಿತೆಂದು ಅರ್ಥ. ಆಗಲೂ ಹೇಳಿದ ಮಾತಿನಿಂದ ಹಿಂದೆ ಸರಿದು ಹರಾಜು ಕೂಗುವುದು ಸಲ್ಲದು, ಮೂವರಲ್ಲಿ ಹೆಚ್ಚು ಕಾಲ ಉಳಿಯುವವರನ್ನು ಆರಿಸುವ ಸ್ವಾತಂತ್ರ್ಯವೇ ಆ ಕಡಿಮೆ ಬೆಲೆಗೆ ಸಿಕ್ಕ ಪ್ರತಿಫಲ.

ಬಾಡಿಗೆದಾರರು ಸಿಕ್ಕ ಮೇಲಿನ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಅಧಿನಿಯಮ ಹೇಳುವುದರಿಂದ, ಆ ಖರ್ಚು ಮತ್ತು ಓಡಾಟ ತಪ್ಪಿಸಲು ಹುಟ್ಟಿದ ಅವಧಿ ಅದು. ನವೀಕರಣದ ಹೊತ್ತಿಗೆ ಶೇ. 5ರಷ್ಟು ಏರಿಸುವ ವಾಡಿಕೆಯಿದೆ, ಪೇಟೆ ಶೇ. 10 ಏರಿದ್ದರೂ ಒಳ್ಳೆಯ ಬಾಡಿಗೆದಾರರಿಗೆ ಶೇ. 5ಕ್ಕೇ ನಿಲ್ಲಿಸುವ ಮಾಲೀಕರು ಖಾಲಿ ತಿಂಗಳು, ಬ್ರೋಕರು, ಸುಣ್ಣಬಣ್ಣ ಮೂರನ್ನೂ ಉಳಿಸಿಕೊಳ್ಳುತ್ತಾರೆ.

ಈ ಹನ್ನೊಂದು ತಿಂಗಳ ರೂಢಿಯಿಂದ ಆದ ದೊಡ್ಡ ನಷ್ಟವೆಂದರೆ ಕುದುರಿದ ಬಾಡಿಗೆಯ ಸಾರ್ವಜನಿಕ ದಾಖಲೆ ಇಲ್ಲದಿರುವುದು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾನೂನು ಇಂಥ ಕರಾರುಗಳ ನೋಂದಣಿಯನ್ನು ಅವಧಿ ಎಷ್ಟೇ ಇರಲಿ ಕಡ್ಡಾಯ ಮಾಡಿದೆ. ಕರ್ನಾಟಕದಲ್ಲಿ ಆಸ್ತಿ ಮಾರಾಟಕ್ಕೆ ಬೀದಿವಾರು ಮಾರ್ಗಸೂಚಿ ದರ ಪ್ರಕಟವಾಗುತ್ತದೆ, ನೋಂದಣಿಗೆ ಕಾವೇರಿ ತಂತ್ರಾಂಶವಿದೆ. ಅದೇ ವ್ಯವಸ್ಥೆಯಲ್ಲಿ ಬಾಡಿಗೆ ಕರಾರಿಗೂ ನಾಮಮಾತ್ರ ಶುಲ್ಕದ, ಮನೆಯಲ್ಲಿ ಕೂತೇ ಮುಗಿಸಬಹುದಾದ ನೋಂದಣಿ ತಂದು, ಹೆಸರು ವಿಳಾಸಗಳನ್ನು ಬಿಟ್ಟು ಬಡಾವಣೆ, ವಿಸ್ತೀರ್ಣ, ಬಾಡಿಗೆ, ಅಡ್ವಾನ್ಸ್ ಈ ನಾಲ್ಕನ್ನು ತಿಂಗಳಿಗೊಮ್ಮೆ ಪ್ರಕಟಿಸುವ ಕೆಲಸವನ್ನು ನೋಂದಣಿ ಮತ್ತು ಮುದ್ರಾಂಕ ಇಲಾಖೆ ಕೈಗೆತ್ತಿಕೊಳ್ಳಬೇಕು.